ತಿರುಗಿಸಿದ ಹೊಳೆಗೆ ಚಿಕ್ಕಪ್ಪನ ಕಾವಲು

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಗಣಿಯ ಮೇಲಂಚಿನ ಏರಿಯ ಮೇಲೆ ಟಾರ್ಚೊಂದು ಮೆಲ್ಲಗೆ ಮುಂದೆ ಸಾಗುತ್ತಿದೆ. ಟಾರ್ಚ್ ಹಿಡಿದವರ ಎಡಕ್ಕೆ ಆಳು ಮುಳುಗುವಷ್ಟು ಆಳದ ಕಾಲುವೆ, ಅದರ ತುಂಬ ಹರಿವ ನೀರು. ಬಲಕ್ಕೆ ನೆಲವೇ ಇಲ್ಲ. ಹಂತಹಂತವಾಗಿ ಕೆಳಗಿಳಿದು ಹೋದ ಗಣಿ, ಅದರ ತಳದಲ್ಲಿ ದೀಪ ಹಾಕಿಕೊಂಡು ಸುತ್ತುತ್ತಿರುವ ಡಂಪರುಗಳು. ಇಲ್ಲಿಂದ ನೋಡಿದರೆ ಬೆಂಕಿಪೊಟ್ಟಣದಷ್ಟೇ ಕಾಣುತ್ತವೆ.

ನಡೆಯುತ್ತಿರುವವರು ನೀರಿನ ಕಡೆ ನೋಡುವುದೇ ಇಲ್ಲ. ಅವರ ಕಣ್ಣೆಲ್ಲ ಏರಿಯ ಗಣಿ ಬದಿಯ ಇಳಿಜಾರಿನ ಮೇಲೆ. ಒಂದು ಕಡೆ ಹುಲ್ಲು ಬೇರೆಡೆಗಿಂತ ಹಸಿರಾಗಿದೆ. ಅಲ್ಲಿ ಕೂತು, ಒದ್ದೆ ನೆಲಕ್ಕೆ ಅಂಗೈ ಒತ್ತಿ, ಬೆರಳಿಗೆ ಅಂಟಿದ ನೀರನ್ನು ಟಾರ್ಚಿನ ಬೆಳಕಿಗೆ ಹಿಡಿದು ಉಜ್ಜಿ ನೋಡುತ್ತಾರೆ. "ತಿಳಿ ಇದೆ," ಎಂದು ತಮಗೆ ತಾವೇ ಹೇಳಿಕೊಂಡು, ಮೊಣಕಾಲು ಹಿಡಿದು ಏಳುತ್ತಾರೆ.

ಇನ್ನೂರು ಹೆಜ್ಜೆ ಮುಂದೆ ಕಾಲುವೆಗೆ ಅಡ್ಡಲಾಗಿ ಕಬ್ಬಿಣದ ಜಾಲರಿ. ರಾತ್ರಿಯ ಗಾಳಿಗೆ ಮುರಿದ ಕೊಂಬೆ, ಪ್ಲಾಸ್ಟಿಕ್ ಬಾಟಲಿ, ಯಾರದೋ ಮನೆಯ ಕಾಲೊರೆಸು, ಒಂದು ಒಂಟಿ ಚಪ್ಪಲಿ ಬಂದು ಸಿಕ್ಕಿಕೊಂಡಿವೆ. ಉದ್ದನೆಯ ಕೊಕ್ಕೆ ಹಾಕಿ ಒಂದೊಂದನ್ನೇ ಎಳೆದು ದಡಕ್ಕೆ ಹಾಕುತ್ತಾರೆ. "ಚಪ್ಪಲಿ ಬಂದ್ರೆ ಎಡಗಾಲಿಂದೇ ಬರುತ್ತೆ. ಬಲಗಾಲಿನವು ಎಲ್ಲಿಗೆ ಹೋಗ್ತವೋ ದೇವರಿಗೇ ಗೊತ್ತು," ಎಂದು ನಗುತ್ತಾರೆ. ನಗುವಾಗಲೂ ಕೊಕ್ಕೆ ನಿಲ್ಲುವುದಿಲ್ಲ. ಜಾಲರಿ ಕಟ್ಟಿಕೊಂಡರೆ ಹಿಂದೆ ನೀರು ಏರುತ್ತದೆ. ನೀರು ಏರಿಯನ್ನು ದಾಟಿದರೆ ಅದಕ್ಕಿರುವುದು ಒಂದೇ ದಾರಿ, ಗಣಿಯೊಳಕ್ಕೆ.

ಈ ಗಣಿಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಇವರ ಅಣ್ಣನ ಮಗಳು ಇಲ್ಲೇ ಡಂಪರ್ ಓಡಿಸುತ್ತಾಳೆ. ಕೆಲಸಕ್ಕೆ ಸೇರಿದ ದಿನ ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳುವಂತೆ "ಚಿಕ್ಕಪ್ಪಾ, ಮೇಲಿದ್ದೀಯಾ?" ಎಂದಳಂತೆ. ಅಂದಿನಿಂದ ಇಡೀ ಗಣಿಗೆ ಇವರು ಚಿಕ್ಕಪ್ಪ. ನಿವೃತ್ತಿಯ ಅಂಚಿನಲ್ಲಿರುವ, ಇವರಿಗಿಂತ ಹಿರಿಯರಾದ ಮೇಲ್ವಿಚಾರಕರೂ ಹಾಗೆಯೇ ಕರೆಯುತ್ತಾರೆ.

ಚಿಕ್ಕಪ್ಪನ ಕೆಲಸ ಬಾಯಲ್ಲಿ ಹೇಳಿದರೆ ಬಲು ಸುಲಭ. ಅದಿರಿನ ಅಂಚಿಗೇ ಒಂದು ಹೊಳೆ ಹರಿಯುತ್ತಿತ್ತು. ಅದನ್ನು ಮೇಲ್ಗಡೆಯೇ ಏರಿ ಹಾಕಿ ತಡೆದು, ಗಣಿಯ ಮಗ್ಗುಲಲ್ಲಿ ಬಳಸಿ ಒಯ್ದು, ಕೆಳಗೆ ಮತ್ತೆ ಹಳೆಯ ಪಾತ್ರಕ್ಕೆ ಸೇರಿಸಿದ್ದಾರೆ. ಸುತ್ತಿಬರುವ ಆ ಕಾಲುವೆ ಮೂರು ಕಿಲೋಮೀಟರಿಗೆ ಚೂರು ಕಡಿಮೆ. ಅದರ ಏರಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆದು ನೋಡಬೇಕು. ಮಳೆಗಾಲದಲ್ಲಿ ಎಷ್ಟು ಸಲ ಎಂಬ ಲೆಕ್ಕವಿಲ್ಲ. ಎಲ್ಲಿ ಒಸರುತ್ತಿದೆ, ಎಲ್ಲಿ ಇಲಿ ಬಿಲ ತೋಡಿದೆ, ಯಾವ ಗಿಡ ಏರಿಯೊಳಕ್ಕೆ ಬೇರು ಬಿಡುತ್ತಿದೆ ಎಂದು ಕಣ್ಣಿಡಬೇಕು. ಏರಿಯೆಂದ ಮೇಲೆ ಒಸರದೆ ಇರುವುದಿಲ್ಲ. ಒಸರುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕದಡಿ ಬಂತೋ, ಒಳಗಿನ ಮಣ್ಣನ್ನು ಕೊರೆದುಕೊಂಡು ಬರುತ್ತಿದೆ ಎಂದೇ ಅರ್ಥ.

ಈ ಮಾತನ್ನು ಅವರ ಹೆಂಡತಿ ಮನೆಯ ಮಾತಾಗಿ ಮಾಡಿಕೊಂಡಿದ್ದಾರೆ. ಗಣಿಯ ಗೇಟಿನ ಹೊರಗೆ, ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳಲ್ಲಿ ಕೊನೆಯದು ಇವರದು. ಅಡುಗೆಮನೆಯ ನಲ್ಲಿಯ ಕೆಳಗೆ ಸದಾ ಒಂದು ಪಾತ್ರೆ. "ನಲ್ಲಿ ಸೋರ್ತಿದೆ, ಸರಿ ಮಾಡ್ರೀ ಅಂತ ಹೇಳಿ ಹೇಳಿ ಬಾಯಿ ಬಿದ್ದೋಯ್ತು. ತಿಳಿನೀರಲ್ವಾ, ಸೋರ್ಲಿ ಬಿಡು ಅಂತಾರೆ," ಎನ್ನುತ್ತಾ ಆಕೆ ಲೋಟಕ್ಕೆ ಚಹಾ ಬಗ್ಗಿಸುತ್ತಾರೆ. ಚಿಕ್ಕಪ್ಪ ತಲೆ ತಗ್ಗಿಸಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ಕಾಯುವುದು ಇತ್ತೀಚಿನ ಕೆಲಸ. ಅದಕ್ಕೂ ಮೊದಲು ಈ ಕಾಲುವೆಯನ್ನು ತೋಡಿದವರೇ ಅವರು. ಆ ಮಾತು ಬಂದರೆ ಚಿಕ್ಕಪ್ಪನ ದನಿ ತಗ್ಗುತ್ತದೆ.

ಅವರ ಮನೆ ಇದ್ದದ್ದೇ ಆ ಹೊಳೆಯ ದಡದಲ್ಲಿ. ಬಟ್ಟೆ ಒಗೆಯುವ ಮನೆತನ. ಪೇಟೆಯ ವಸತಿಗೃಹಗಳ ಹಾಸು, ಹೊದಿಕೆ, ಊಟದ ಮೇಜಿನ ಬಟ್ಟೆ ಎಲ್ಲ ಗಂಟುಗಂಟಾಗಿ ಅವರ ಅಂಗಳಕ್ಕೆ ಬರುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಆ ಕಸುಬಿಗೆ ಹೆಗಲು ಕೊಟ್ಟರು. ತಮ್ಮನಿಗೆ ನೀರಿನಲ್ಲಿ ನಿಂತು ನಿಂತು ಕಾಲು ಬಿರಿಯುವುದು ಸೇರಲಿಲ್ಲ. ರಸ್ತೆ ಕೆಲಸಕ್ಕೆ ಹೋಗಿ, ಮಣ್ಣು ತೋಡುವ ಯಂತ್ರ ಓಡಿಸುವುದು ಕಲಿತರು. ಆ ಬಕೆಟ್ಟಿನಿಂದ ಮೊಟ್ಟೆ ಎತ್ತಿಡಬಲ್ಲ ಕೈ ಎಂದು ಜೊತೆಯವರು ಹೇಳುವಷ್ಟು ಪಳಗಿದರು. ಗಣಿ ಶುರುವಾದಾಗ ಮೊದಲು ಕರೆ ಬಂದವರಲ್ಲಿ ಅವರೂ ಒಬ್ಬರು.

ಹೊಳೆ ತಿರುಗಿಸುವ ವಿಷಯಕ್ಕೆ ಕಂಪನಿಯವರು ದಡದ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿದರು. ಇದು ತಾತ್ಕಾಲಿಕ, ಅದಿರು ಮುಗಿದ ಮೇಲೆ ಹೊಳೆಯನ್ನು ಅದರ ಪಾತ್ರಕ್ಕೇ ಬಿಡುತ್ತೇವೆ ಎಂದರು. ಹೇಳಿದವರು ಸುಳ್ಳು ಹೇಳಲಿಲ್ಲ, ಆಗ ಅವರಿಗೆ ಗೊತ್ತಿದ್ದದ್ದೂ ಅಷ್ಟೇ ಎಂದು ಚಿಕ್ಕಪ್ಪ ಇಂದಿಗೂ ಅವರ ಪರ ವಹಿಸುತ್ತಾರೆ. ಅಣ್ಣ ಮನೆಗೆ ಬಂದ ಮೇಲೆ ತಮ್ಮನನ್ನು ಕೇಳಿದರು.

"ಅಣ್ಣ ಕೇಳಿದ್ದು ಒಂದೇ ಮಾತು. ನೀನೇನಂತೀಯಾ ಅಂತ. ನಾನಂದೆ, ನಾಲ್ಕೈದು ವರ್ಷ ತಡ್ಕೋ ಅಣ್ಣ, ಆಮೇಲೆ ಹೊಳೆ ತಿರುಗಾ ನಮ್ಮ ಬಾಗಿಲಿಗೇ ಬರುತ್ತೆ ಅಂತ. ಸರಿ ಹಾಗಾದ್ರೆ, ಅಂದ. ಅವನು ಒಪ್ಪಿದ್ದು ಕಂಪನಿ ಮಾತಿಗಲ್ಲ, ನನ್ನ ಮಾತಿಗೆ."

ಕಾಲುವೆ ತೋಡಿ ಮುಗಿಯಿತು. ಹೊಳೆಗೂ ಕಾಲುವೆಗೂ ನಡುವೆ ಒಂದು ಮಣ್ಣಿನ ಗೋಡೆಯನ್ನು ಕೊನೆಗೆಂದು ಉಳಿಸಿದ್ದರು. ಅದನ್ನು ಒಡೆಯುವ ಕೆಲಸ ಚಿಕ್ಕಪ್ಪನ ಪಾಲಿಗೇ ಬಂತು. ಬಕೆಟ್ ನಾಲ್ಕು ಸಲ ಎದ್ದು ಬಿತ್ತು, ನೀರು ಒಳಗೆ ನುಗ್ಗಿತು. ದಡದಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಆಮೇಲೆ ಹೊಳೆಗೆ ಅಡ್ಡಲಾಗಿ ಏರಿ ಎದ್ದಿತು. ಸಂಜೆಯ ಹೊತ್ತಿಗೆ ಹಳೆಯ ಪಾತ್ರದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನೀರು ನಿಂತಿತ್ತು, ಮೀನೆಲ್ಲ ಅಲ್ಲಿಗೆ ಬಂದು ಸೇರಿಕೊಂಡಿದ್ದವು.

ಯಂತ್ರದ ಕ್ಯಾಬಿನ್ನಿನಲ್ಲಿ ಕೂತ ಚಿಕ್ಕಪ್ಪನಿಗೆ ಕೆಳಗೆ ಅಣ್ಣ ಕಾಣಿಸಿದರು. ಬಟ್ಟೆ ನೆನೆಹಾಕುವ ತಗಡಿನ ತೊಟ್ಟಿಯಲ್ಲಿ ಮೀನುಗಳನ್ನು ಮೊಗೆದು ತುಂಬಿಕೊಂಡು, ಏರಿ ಹತ್ತಿ ಬಂದು ಕಾಲುವೆಗೆ ಸುರಿಯುತ್ತಿದ್ದರು. ಮತ್ತೆ ಇಳಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಗಣಿಯವರು ಅದಕ್ಕೆಂದೇ ಕಳಿಸಿದ ಆಳುಗಳೂ ಬಲೆ ಹಿಡಿದು ಅದನ್ನೇ ಮಾಡುತ್ತಿದ್ದರು. ಆದರೆ ಅಣ್ಣ ಅವರ ಜೊತೆ ಸೇರದೆ ತಮ್ಮ ಮನೆಯ ಮುಂದಿನ ಗುಂಡಿಯೊಂದನ್ನೇ ನೋಡಿಕೊಂಡರು.

"ಯಂತ್ರ ನಿಲ್ಲಿಸಿ ಹೋಗಿ ತೊಟ್ಟಿಯ ಇನ್ನೊಂದು ಕಡೆ ಹಿಡೀಬಹುದಿತ್ತು. ಪಾಳಿ ಮುಗಿದಿರ್ಲಿಲ್ಲ ನಿಜ. ಆದ್ರೆ ಹತ್ತು ನಿಮಿಷ ಇಳಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಇಳೀಲಿಲ್ಲ. ಯಾಕೆ ಇಳೀಲಿಲ್ಲ ಅಂತ ಇವತ್ತಿಗೂ ನಂಗೇ ಗೊತ್ತಿಲ್ಲ."

ಕಾಲುವೆಯ ಸುತ್ತ ಬೇಲಿ ಬಂತು. ನೀರು ಕಣ್ಣೆದುರೇ ಹೋದರೂ ಇಳಿಯುವಂತಿರಲಿಲ್ಲ. ದಡ ಗೋಡೆಯಂತೆ ಕಡಿದು, ಹರಿವು ಕಾಲು ನಿಲ್ಲಗೊಡದಷ್ಟು ಬಿರುಸು. ಅಣ್ಣ ಕೊಳವೆಬಾವಿಯ ನೀರಿನಲ್ಲಿ ಒಂದಷ್ಟು ದಿನ ಒಗೆದರು. ಆ ನೀರಿಗೆ ಸೋಪು ನೊರೆ ಬಿಡಲಿಲ್ಲ, ಬಿಳಿ ಬಟ್ಟೆ ಹಳದಿಗಟ್ಟಿತು. ಗಂಟುಗಳು ಒಂದೊಂದಾಗಿ ಬೇರೆ ಕಡೆ ಹೋದವು. ಕೊನೆಗೆ ಪೇಟೆಯ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಕೋಣೆಗೆ ಕೆಲಸಕ್ಕೆ ಸೇರಿಕೊಂಡರು.

ಆದರೂ ಅವರು ಕಾಯುತ್ತಿದ್ದರು. ನಾಲ್ಕೈದು ವರ್ಷ ಎಂದಿದ್ದನಲ್ಲ ತಮ್ಮ. ಆ ವರ್ಷಗಳು ಕಳೆದವು. ಕೊರೆದು ನೋಡಿದಾಗ ಅದಿರು ಅಂದುಕೊಂಡದ್ದಕ್ಕಿಂತ ಅಗಲಕ್ಕಿದೆ ಎಂದು ಗೊತ್ತಾಯಿತು. ಅದು ಹರಡಿಕೊಂಡಿದ್ದು ಹಳೆಯ ಪಾತ್ರದ ಅಡಿಗೇ. ದಡದ ಮನೆಗಳವರಿಗೆ ಬೇರೆ ಕಡೆ ಮನೆ ಕೊಟ್ಟರು. ಒಣಗಿದ ಹೊಳೆಯನ್ನು ಬಗೆಯಲು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದಾಗ ಚಿಕ್ಕಪ್ಪನಿಗೆ ಬೇರೆ ಜಾಗ ಕೊಡಲು ಮೇಲ್ವಿಚಾರಕರು ಸಿದ್ಧರಿದ್ದರು. ಚಿಕ್ಕಪ್ಪನೇ ಬೇಡವೆಂದರು.

"ಬೇರೆಯವರು ಬಂದು ಬಗೆಯೋದನ್ನ ನೋಡ್ತಾ ಕೂರೋಕಿಂತ ನಾನೇ ಮಾಡ್ತೀನಿ ಅನ್ನಿಸ್ತು. ಒಗೆಯೋ ಬಂಡೆಗಳನ್ನಾದ್ರೂ ಜೋಪಾನವಾಗಿ ಎತ್ತಿ ಅಣ್ಣನ ಮನೆಗೆ ಕಳಿಸೋಣ ಅಂತ. ಮೊದಲನೇದಕ್ಕೆ ಬಕೆಟ್ ತಾಗಿಸಿದ್ನೋ ಇಲ್ವೋ, ಎರಡು ಹೋಳಾಯ್ತು. ಅಷ್ಟು ವರ್ಷ ಬಿಸಿಲು ಬಿದ್ದು ಒಳಗೇ ಬಿರಿದಿತ್ತು."

ಅಣ್ಣ ಬೇಲಿಯ ಆಚೆ ನಿಂತಿದ್ದರು. ಸಂಜೆ ಚಿಕ್ಕಪ್ಪ ಹತ್ತಿರ ಹೋದಾಗ ಅವರು ಹೇಳಿದ್ದು ಇಷ್ಟು: "ಇನ್ನು ತಾತ್ಕಾಲಿಕ ಅನ್ನೋ ಮಾತು ಬಿಟ್ಬಿಡು ತಮ್ಮಾ."

ಜಗಳವೇನೂ ಆಗಲಿಲ್ಲ. ಮದುವೆ ಮುಂಜಿಗೆ ಎರಡೂ ಮನೆಯವರು ಬರುತ್ತಾರೆ, ಹೋಗುತ್ತಾರೆ. ಆದರೆ ಅಣ್ಣತಮ್ಮಂದಿರು ಒಟ್ಟಿಗೆ ಕೂತು ನಾಲ್ಕು ಮಾತಾಡಿದ್ದನ್ನು ಆಮೇಲೆ ಯಾರೂ ನೋಡಲಿಲ್ಲ.

ಇತ್ತ ಕಾಲುವೆಯೂ ತಕರಾರು ತೆಗೆಯಿತು. ಅದನ್ನು ಗೆರೆ ಎಳೆದಂತೆ ನೆಟ್ಟಗೆ ತೋಡಿದ್ದರಿಂದ ತಿರುಗಿಸಿದ ನೀರೆಲ್ಲ ಒಂದೇ ಓಟಕ್ಕೆ ಕೆಳಗೆ ಧುಮುಕುತ್ತಿತ್ತು. ಹಳೆಯ ಹೊಳೆಗೆ ಸೇರುವ ಕಡೆ ದಡ ಕೊಚ್ಚಿಹೋಯಿತು, ಕಾಲುಸಂಕವೊಂದು ಕುಸಿಯಿತು. ಆಗ ಬಂದವರು ಇಂಜಿನಿಯರಮ್ಮ. ಎಲ್ಲರೂ ಹಾಗೇ ಕರೆಯುವ ಆಕೆ, ಹೊಳೆಗಳ ನಡೆಯನ್ನೇ ಓದಿಕೊಂಡವರು. ಕಾಲುವೆಯ ಕೆಳಗಿನ ಅರ್ಧವನ್ನು ಮುಚ್ಚಿ, ಅಗಲವಾದ ಜಾಗದಲ್ಲಿ ಅಂಕುಡೊಂಕಾಗಿ ಹೊಸದು ಮಾಡಬೇಕೆಂದರು. ತಿರುವಿಗೊಂದು ಮಡು, ಮಡುವಿನ ಕೆಳಗೆ ಕಲ್ಲಿನ ಇಳುಕಲು, ದಡಕ್ಕೆ ನೀರು ಕುಡಿಯುವ ಗಿಡ. ಆ ಬಂಡೆಗಳನ್ನು ಒಂದೊಂದಾಗಿ ಕೂರಿಸಿದ್ದು ಚಿಕ್ಕಪ್ಪನ ಯಂತ್ರ.

"ಮೊದಲು ನೆಟ್ಟಗೆ ತೋಡು ಅಂದ್ರು, ತೋಡ್ದೆ. ಆಮೇಲೆ ಡೊಂಕು ಮಾಡು ಅಂದ್ರು. ಇವರಿಗೇನು ತಲೆ ಕೆಟ್ಟಿದೆಯಾ ಅನ್ಕೊಂಡೆ. ನೆಟ್ಟಗೆ ಮಾಡೋಕೆ ದಾರ ಕಟ್ಟಿದ್ರೆ ಸಾಕು. ಡೊಂಕು ಮಾಡೋದಿದೆಯಲ್ಲ, ಬೆವರಿಳಿದುಹೋಯ್ತು. ಒಂದು ಬಂಡೆಯನ್ನ ಆರು ಸಲ ಎತ್ತಿ ಇಡಿಸಿದ್ರು ಪುಣ್ಯಾತ್ಗಿತ್ತಿ. ಆರನೇ ಸಲ ಇಟ್ಟಾಗ ನೀರು ಬಂಡೆಯನ್ನ ಬಳಸ್ಕೊಂಡು ತಿರುಗಿ ಮಡುವಿಗೆ ಇಳೀತು. ಆಗ ಗೊತ್ತಾಯ್ತು ಆಕೆ ಏನು ಕೇಳ್ತಿದ್ರು ಅಂತ."

ಯಂತ್ರದ ಮೇಲೆ ಅದೇ ಅವರ ಕೊನೆಯ ಕೆಲಸ. ವರ್ಷಗಟ್ಟಲೆ ಕುಲುಕಾಟಕ್ಕೆ ಸೊಂಟ ಸೋತಿತ್ತು. ಏರಿ ಕಾಯುವ ಕೆಲಸಕ್ಕೆ ಜನ ಬೇಕೆಂದಾಗ, ಬೇರಾರೂ ಮುಂದೆ ಬರುವ ಮೊದಲೇ ಇವರು ಕೈ ಎತ್ತಿದರು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಮೂರು ದಿನ ಬಿಡದೆ ಸುರಿದ ಮಳೆ ಆಗಷ್ಟೇ ಹೊಳವಾಗಿತ್ತು. ಏರಿಯ ಕೆಳಬದಿಯಲ್ಲಿ, ಎಂದೂ ಒಸರದ ಜಾಗದಲ್ಲಿ, ಬೆರಳುಗಾತ್ರದ ನೀರು ಬರುತ್ತಿತ್ತು. ಚಿಕ್ಕಪ್ಪ ಅಂಗೈಯೊಡ್ಡಿದರು. ನೀರಿಗೆ ಹಾಲು ಹಾಕಿದ ಚಹಾದ ಬಣ್ಣ. ಬೆರಳ ಸಂದಿಯಲ್ಲಿ ಮಣ್ಣು ಉಳಿಯಿತು. ಕೆಳಗೆ ಗಣಿಯ ತಳದಲ್ಲಿ ಬೆಳಗಿನ ಪಾಳಿ ಆಗಲೇ ಇಳಿದಿತ್ತು. ಅಣ್ಣನ ಮಗಳ ಡಂಪರೂ ಅಲ್ಲೇ ಇತ್ತು.

ವಾಕಿಟಾಕಿಯಲ್ಲಿ ಮೇಲ್ವಿಚಾರಕರನ್ನು ಕರೆದರು. "ನೀರು ಕದಡಿದೆ. ಎಲ್ಲರನ್ನೂ ಮೇಲಕ್ಕೆ ಕರೆಸಿ."

"ಒಡೆಯುತ್ತೆ ಅಂತೀಯಾ ಚಿಕ್ಕಪ್ಪ?"

"ಗೊತ್ತಿಲ್ಲ ಸಾರ್. ಒಡೀದೇನೂ ಇರಬಹುದು."

ಸೈರನ್ ಕೂಗಿತು. ಡಂಪರುಗಳು ಒಂದರ ಹಿಂದೊಂದು ಸುತ್ತುದಾರಿ ಹತ್ತತೊಡಗಿದವು. ತೀರಾ ತಳದಲ್ಲಿದ್ದದ್ದು ಅಣ್ಣನ ಮಗಳ ಗಾಡಿ, ಅದರ ಮೈತುಂಬ ಹೊರೆ. ಹೊರೆ ಸುರಿದು ಹಗುರ ಮಾಡಿಕೊಂಡು ಬಾ ಎಂದು ಚಿಕ್ಕಪ್ಪ ಕೂಗಿದ್ದು ಎಲ್ಲರಿಗೂ ಕೇಳಿಸಿತು. ಆಕೆ ಸುರಿದು, ಗಾಡಿ ತಿರುಗಿಸಿ, ಕೊನೆಯವಳಾಗಿ ಹತ್ತಿದಳು. "ಚಿಕ್ಕಪ್ಪನ ದನಿ ಆ ಥರ ನಾನು ಯಾವತ್ತೂ ಕೇಳಿರ್ಲಿಲ್ಲ," ಎನ್ನುತ್ತಾಳೆ ಆಕೆ. "ಕನ್ನಡೀಲಿ ಹಿಂದೆ ನೋಡ್ಲೇ ಇಲ್ಲ. ಎದುರಿನ ದಾರಿ ಮಾತ್ರ ನೋಡ್ಕೊಂಡು ಹತ್ತಿಸ್ದೆ."

ಇಂಜಿನಿಯರಮ್ಮ ಓಡಿಬಂದರು. ಚಿಕ್ಕಪ್ಪ ಆ ಹೊತ್ತಿಗೆ ಜೇಡಿಮಣ್ಣು ತರಿಸಿ ತೂತಿನ ಬಾಯಿ ಮೆತ್ತಲು ಹೊರಟಿದ್ದರು. ಆಕೆ ತಡೆದರು. ಬಾಯಿ ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ನೀರು ಹೊರಗೆ ಬರಲಿ, ಮಣ್ಣು ಮಾತ್ರ ಒಳಗೇ ಉಳಿಯಲಿ ಎಂದರು. ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಸಿಕ್ಕವರೆಲ್ಲ ಚೀಲ ಹೊತ್ತರು. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಸಂದಿಯಿಂದ ಬರುತ್ತಿದ್ದ ನೀರಿನ ಬಣ್ಣ ತಿಳಿಯಾಯಿತು. ಮರುದಿನ ಗಣಿ ಎಂದಿನಂತೆ ನಡೆಯಿತು. ಏನೂ ಆಗದ ದಿನದ ಬಗ್ಗೆ ಯಾರು ಬರೆಯುತ್ತಾರೆ? ಪೇಟೆಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಒಬ್ಬರ ಕಿವಿಗೆ ಮಾತ್ರ ಬಿತ್ತು. ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿ ಯಂತ್ರಗಳ ಸದ್ದಿಗೆ ಮೀರಿ ದನಿ ಏರಿಸಿ ಮಾತಾಡುವ ಅಣ್ಣ, ಮಗಳು ಹೇಳಿದ್ದನ್ನು ಕೇಳಿ ಅಂದು ತಮ್ಮನಿಗೆ ಫೋನ್ ಮಾಡಿದರಂತೆ. ಬಿಸಿಬಿಸಿ ಹಾಸುಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಲೇ ಆ ಮಾತುಕತೆಯನ್ನು ನೆನೆಯುತ್ತಾರೆ. "ಏನ್ ಮಾತಾಡೋದು? ಏರಿ ನಿಂತಿತಂತೆ ಅಂದೆ. ನಿಂತಿತಣ್ಣ ಅಂದ. ಊಟ ಆಯ್ತಾ ಅಂದೆ. ಆಯ್ತು ಅಂದ. ಇಟ್ಟೆ." ಇನ್ನೊಂದು ಹಾಸು ಎತ್ತಿಕೊಂಡು ಸೇರಿಸುತ್ತಾರೆ: "ಅವನ ಮೇಲೆ ನಂಗೆ ಸಿಟ್ಟಿದೆ ಅಂತ ಅವನು ಅನ್ಕೊಂಡಿದ್ದಾನೆ. ಸಿಟ್ಟಿಲ್ಲ. ನಾನು ಮನೆ ಬಿಟ್ಟು ಬರೋವರೆಗೂ ದಿನಾ ಬೆಳಿಗ್ಗೆ ಬಾಗಿಲು ತೆಗೆದು ಹೊಳೆ ಬಂತಾ ಅಂತ ನೋಡ್ತಿದ್ದೆ. ಅಷ್ಟೇ."

ಮಳೆ ನಿಂತ ಮೇಲೆ ಚಿಕ್ಕಪ್ಪ ಧೈರ್ಯ ಮಾಡಿ ಅಣ್ಣನನ್ನು ಕರೆದರು. ಡೊಂಕು ಮಾಡಿದ ಭಾಗಕ್ಕೆ ಈಗ ಬೇಲಿಯಿಲ್ಲ. ಒಂದು ಮಡುವಿಗೆ ಇಂಜಿನಿಯರಮ್ಮ ಮೆಟ್ಟಿಲು ಕೂಡ ಮಾಡಿಸಿದ್ದಾರೆ. ರಜೆಯ ದಿನ ಅಣ್ಣ ಬಂದರು. ದಡದ ಗಿಡಗಳು ಆಳೆತ್ತರ ಬೆಳೆದು ನೆರಳು ಬಿಟ್ಟಿದ್ದವು. ಬಂಡೆಯ ಮರೆಯಲ್ಲಿ ಬೆರಳುದ್ದದ ಮೀನಿನ ಹಿಂಡು. ಚಿಕ್ಕಪ್ಪ ಅಣ್ಣನ ಮುಖ ನೋಡುತ್ತ ನಿಂತರು.

ಅಣ್ಣ ಮೆಟ್ಟಿಲಿಳಿದು ಕೂತು, ಪ್ಯಾಂಟು ಮಡಚಿ ಕಾಲು ಇಳಿಬಿಟ್ಟರು. ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿದರು.

"ನೀರು ಚೆನ್ನಾಗಿದೆ," ಎಂದರು ಕೊನೆಗೆ. "ಕಲ್ಲೂ ಚೆನ್ನಾಗಿ ಕೂರ್ಸಿದ್ದೀಯ."

"ಆದ್ರೆ?" ಎಂದರು ಚಿಕ್ಕಪ್ಪ.

"ಸದ್ದು ಬೇರೆ ಕಣೋ. ನಮ್ಮ ಹೊಳೆ ಹೀಗೆ ಮಾತಾಡ್ತಿರ್ಲಿಲ್ಲ."

ಚಿಕ್ಕಪ್ಪ ಆ ಮಾತನ್ನು ಹೇಳುವಾಗ ಅದರಲ್ಲಿ ದೂರಿಲ್ಲ. ಅಣ್ಣ ಹೇಳಿದ್ದು ಸರಿ ಎಂಬುದು ಅವರಿಗೆ ಗೊತ್ತು. ಆ ಸದ್ದು ಮಾಡುತ್ತಿದ್ದ ಕಲ್ಲುಗಳನ್ನು ಅವರದೇ ಬಕೆಟ್ ಎತ್ತಿ ಡಂಪರಿಗೆ ಸುರಿದಿದೆ. ಇಂಜಿನಿಯರಮ್ಮನನ್ನೂ ಒಮ್ಮೆ ಕೇಳಿದರಂತೆ, ಹಳೆಯ ಸದ್ದು ಬರುವ ಹಾಗೆ ಕಲ್ಲು ಕೂರಿಸಲು ಆಗುತ್ತದಾ ಎಂದು. ಆಕೆ ನಗಲಿಲ್ಲ. ಹಳೆಯ ಹೊಳೆಯನ್ನು ಅಳೆದಿಟ್ಟಿದ್ದಾರೆ, ಚಿತ್ರ ತೆಗೆದಿಟ್ಟಿದ್ದಾರೆ. ಕಿವಿಗೊಟ್ಟು ಕೇಳಿಟ್ಟುಕೊಂಡವರು ಯಾರೂ ಇಲ್ಲ ಎಂದರಂತೆ.

"ಅಣ್ಣನಿಗೆ ನೆನಪಿದೆ. ನಂಗೂ ಅಷ್ಟಿಷ್ಟು ನೆನಪಿದೆ. ನಮ್ಮಿಬ್ಬರ ನಂತರ ಯಾರಿಗೂ ಇರಲ್ಲ," ಎನ್ನುತ್ತಾರೆ ಚಿಕ್ಕಪ್ಪ. ಅಂದಿನಿಂದ ಅಣ್ಣ ಆಗೀಗ ಬಂದು ಮಡುವಿನ ಬಳಿ ಕೂರುತ್ತಾರೆ. ಕೆಲವು ಸಲ ತಮ್ಮನಿಗೆ ಹೇಳುತ್ತಾರೆ, ಕೆಲವು ಸಲ ಹೇಳದೆ ಬಂದು ಹೋಗುತ್ತಾರೆ.

ಇನ್ನು ಕೆಲವೇ ವರ್ಷಕ್ಕೆ ಅದಿರು ಮುಗಿಯುತ್ತದೆ. ಪಂಪುಗಳು ನಿಂತ ಮೇಲೆ ಗಣಿ ತಾನಾಗಿ ನೀರು ತುಂಬಿಕೊಂಡು ಕೆರೆಯಾಗುತ್ತದೆ. ಕಾಲುವೆ ಎಲ್ಲಿದೆಯೋ ಅಲ್ಲೇ ಉಳಿಯಬೇಕು, ಹಿಂದಿರುಗಲು ಅದಕ್ಕೆ ಪಾತ್ರವಿಲ್ಲ. ಆಗ ಇಲ್ಲಿ ಗೇಟಿರುವುದಿಲ್ಲ, ಸೈರನ್ ಇರುವುದಿಲ್ಲ, ಸಂಬಳಕ್ಕೆ ಏರಿ ಸುತ್ತುವವರೂ ಇರುವುದಿಲ್ಲ. ನೆಟ್ಟಗಿರುವ ಮೇಲಿನ ಅರ್ಧವನ್ನೂ ಅಷ್ಟರೊಳಗೆ ಅಗಲಿಸಿ, ಏರಿಯನ್ನು ದಪ್ಪಗೊಳಿಸಿ, ಬಂಡೆ ಕೂರಿಸಿ ಮುಗಿಸಬೇಕೆಂದು ಇಂಜಿನಿಯರಮ್ಮ ಪಟ್ಟು ಹಿಡಿದಿದ್ದಾರೆ. ಕೆಲಸ ಶುರುವಾಗಿದೆ. ಯಂತ್ರದ ಮೇಲೆ ಬೇರೊಬ್ಬ ಚಾಲಕ. ಚಿಕ್ಕಪ್ಪ ದಡದಲ್ಲಿ ನಿಂತು ಕೈಸನ್ನೆ ಮಾಡುತ್ತಾರೆ: ಇನ್ನು ಸ್ವಲ್ಪ ಎಡಕ್ಕೆ, ಇಳಿಸು, ತಡಿ, ಮತ್ತೆ ಎತ್ತು. ಬಂಡೆ ಕೂತಮೇಲೆ ಬಗ್ಗಿ ನೀರು ಯಾವ ಕಡೆ ತಿರುಗಿತೆಂದು ನೋಡುತ್ತಾರೆ.

ಕೆಲಸ ಬಿಟ್ಟ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಅವರು ಮೊದಲು ನಲ್ಲಿ ರಿಪೇರಿ ಎಂದು ತಮಾಷೆ ಮಾಡುತ್ತಾರೆ. ಆಮೇಲೆ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಿ, ತಿರುವಿನಾಚೆ ಮರೆಯಾಗುವ ನೀರನ್ನು ನೋಡುತ್ತಾರೆ.

"ಕಾಲುವೆ ಅಂದ್ರೆ ಅದಕ್ಕೆ ಕಾವಲು ಬೇಕು. ಹೊಳೆಗೆ ಯಾರು ಕಾವಲಿರ್ತಾರೆ? ಅದರ ಪಾಡಿಗೆ ಅದು ಹರೀತಿರುತ್ತೆ. ಇದೂ ಹಾಗಾಗ್ಬೇಕು. ನಾನು ಒಂದು ದಿನ ಬರದೇ ಇದ್ರೂ, ನಾನು ಬರ್ಲಿಲ್ಲ ಅನ್ನೋದು ಇದಕ್ಕೆ ಗೊತ್ತೇ ಆಗ್ಬಾರ್ದು."